ಒಂಟಿ ರಾಣಿಯಿರುವೆ: ಒಂದು ಪ್ರಶ್ನೆಯ ಇತಿಹಾಸ

ಯೂರೋಪಿನ ಕಾಡುಗಳಲ್ಲಿ, ಕಲ್ಲಿನಡಿಯಲ್ಲೂ ಕೊಳೆತ ಮರದ ಬೊಡ್ಡೆಗಳಲ್ಲೂ ಗೂಡು ಮಾಡುವ ಒಂದು ಚಿಕ್ಕ ಕೆಂಪಿರುವೆಯುಂಟು. ಶಾಸ್ತ್ರದಲ್ಲಿ ಅದರ ಹೆಸರು ಮಿರ್ಮಿಕ ರೂಜಿನೋಡಿಸ್. ಬೇಸಗೆಯ ಕೊನೆಗೆ ಅದರ ಗೂಡುಗಳಿಂದ ರೆಕ್ಕೆಯುಳ್ಳ ಗಂಡು ಹೆಣ್ಣುಗಳು ಹಾರಿಹೋಗುತ್ತವೆ. ಆಮೇಲೆ ಹೆಣ್ಣಿನ ಗತಿಯೇನು? ಹೊಸ ಗೂಡನ್ನು ಅದೊಂದೇ ಹೂಡಬಲ್ಲುದೆ, ಅಥವಾ ದುಡಿಮೆಯ ಇರುವೆಗಳ ನೆರವು ಅದಕ್ಕೆ ಬೇಕೆ?

ಇರುವೆಗಳ ಹಾರಾಟವೇ ಅವುಗಳ ವಿವಾಹವೆಂಬುದನ್ನು ಫ್ರಾನ್ಸಿನ ರೆಯೋಮ್ಯೂರ್ 1731ರ ಸೆಪ್ಟೆಂಬರಿನಲ್ಲಿ ಲ್ವಾರ್ ನದಿಯ ದಂಡೆಯ ಮೇಲೆ ಕಣ್ಣಾರೆ ಕಂಡಿದ್ದನು. ಆದರೆ ಅವನು ಬರೆದಿಟ್ಟ ಇರುವೆಗಳ ಚರಿತ್ರೆ ಪ್ಯಾರಿಸಿನಲ್ಲಿ ಹಸ್ತಪ್ರತಿಯಾಗಿಯೇ ಉಳಿದು, ಅಮೆರಿಕದ ವೀಲರನ ಪ್ರಯತ್ನದಿಂದ 1926ರಲ್ಲಿ ಅಚ್ಚಾಯಿತು. ಆದಕಾರಣ 1747ರಲ್ಲಿ ಇಂಗ್ಲೆಂಡಿನ ಗೌಲ್ಡನೂ 1810ರಲ್ಲಿ ಜಿನೀವದ ಪಿಯೇರ್ ಹ್ಯೂಬರನೂ ಅದೇ ನೆಲವನ್ನು ಮತ್ತೆ ಉಳಬೇಕಾಯಿತು. ಹೆಣ್ಣು ತನ್ನ ರೆಕ್ಕೆಗಳನ್ನು ತಾನೇ ಹರಡಿ, ಹೊರಳಿಸಿ, ಕಳಚಿಹಾಕುವ ಬಗೆಯನ್ನು ಹ್ಯೂಬರನು ಅತ್ಯಂತ ಸೂಕ್ಷ್ಮವಾಗಿ ವರ್ಣಿಸಿದ್ದಾನೆ. ಮುಂದಿನದಕ್ಕೆ ಪ್ರಯೋಗವೇ ಬೇಕಾಗಿತ್ತು.

ಅದನ್ನು ನಡೆಸಿದವನು ವೃತ್ತಿಯಿಂದ ಪ್ರಾಣಿಶಾಸ್ತ್ರಜ್ಞನಲ್ಲ. ಲಂಡನ್ನಿನ ಬ್ಯಾಂಕಿನ ಒಡೆಯನೂ ಪಾರ್ಲಿಮೆಂಟಿನ ಸದಸ್ಯನೂ ಆಗಿದ್ದ ಜಾನ್ ಲಬಕ್. 1876ರ ಆಗಸ್ಟಿನಲ್ಲಿ ತನ್ನ ತೋಟದಲ್ಲಿ ಹಾರುತ್ತಿದ್ದ ಈ ಜಾತಿಯ ಎರಡು ಜೋಡಿಗಳನ್ನು ಹಿಡಿದು, ತೇವದ ಮಣ್ಣು, ಆಹಾರ, ನೀರುಗಳನ್ನಿತ್ತು ಪ್ರತ್ಯೇಕವಾಗಿ ಸಾಕಿದನು. ಚಳಿಗಾಲ ಕಳೆಯಿತು, ವಸಂತದಲ್ಲಿ ಮೊಟ್ಟೆಗಳು ಕಂಡುವು, ಜುಲೈ ತಿಂಗಳಲ್ಲಿ ಮೊದಲನೆಯ ದುಡಿಮೆಯ ಇರುವೆ ಹೊರಬಂದಿತು. ರಾಣಿಗೆ ದಾದಿಯರು ಬೇಕಾಗಿರಲಿಲ್ಲ.

ಇಲ್ಲಿ 'ಆಹಾರ'ವೆಂಬ ಮಾತನ್ನು ಹಲವರು ಗಮನಿಸದೆ ಹೋಗುತ್ತಾರೆ. ಅನೇಕ ಜಾತಿಗಳ ರಾಣಿ ನೆಲದೊಳಗೆ ತನ್ನನ್ನು ತಾನೇ ಮುಚ್ಚಿಕೊಂಡು, ನಿರುಪಯುಕ್ತವಾದ ರೆಕ್ಕೆಯ ಸ್ನಾಯುಗಳನ್ನು ಕರಗಿಸಿ ಮರಿಗಳನ್ನು ಪೋಷಿಸುತ್ತದೆ. ಮಿರ್ಮಿಕದ ರಾಣಿಯಾದರೋ ಹೊರಗೆ ಬಂದು ಆಹಾರವನ್ನರಸುತ್ತದೆ. ಲಬಕನ ಏರ್ಪಾಡು ಈ ಸ್ವಭಾವಕ್ಕೆ ತಕ್ಕುದಾಗಿತ್ತು. ಉಪವಾಸವಿರಿಸಿದ್ದರೆ ಉತ್ತರ ಬೇರೆಯಾಗುವ ಸಂಭವವಿತ್ತು.

ಇಷ್ಟಾದರೂ ಈ ಉತ್ತರ ಜಾತಿಯ ಎಲ್ಲ ರಾಣಿಯರಿಗೂ ಅನ್ವಯಿಸುವುದಿಲ್ಲ. ಬ್ರಿಟನ್ನಿನ ಬ್ರಿಯನ್ ದಂಪತಿಗಳು 1955ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದರಲ್ಲಿ ಎರಡು ರೂಪಗಳನ್ನು ಗುರುತಿಸಿದರು. ದೊಡ್ಡ ರಾಣಿ ಸಾಮಾನ್ಯವಾಗಿ ಹಾರಿಹೋಗಿ ಒಂಟಿಯಾಗಿ ಗೂಡು ಹೂಡುತ್ತದೆ. ಚಿಕ್ಕ ರಾಣಿಯರು ಒಂದೇ ಗೂಡಿನಲ್ಲಿ ಹಲವರಿದ್ದು, ದುಡಿಮೆಯ ಇರುವೆಗಳ ಒಂದು ಪಾಲನ್ನು ಕರೆದುಕೊಂಡು ನೆಲದ ಮೇಲೆಯೇ ನಡೆದು ಹತ್ತಿರದಲ್ಲಿ ಕವಲೊಡೆಯುತ್ತಾರೆ.