ಶಿವನಸಮುದ್ರದ ದಾರಿಯ ಸವಾರರು

ಹತ್ತೊಂಬತ್ತನೆಯ ಶತಮಾನದಲ್ಲಿ ಬೆಂಗಳೂರಿನ ದಂಡು ಪ್ರದೇಶದಲ್ಲಿದ್ದ ಇಂಗ್ಲಿಷ್ ಅಧಿಕಾರಿಗಳೂ ಮೈಸೂರು ಸೀಮೆಗೆ ಹೊಸದಾಗಿ ಬಂದ ಯುರೋಪಿನ ಪ್ರವಾಸಿಗಳೂ ಯಾವ ಸರ್ಕಾರಿ ಕೆಲಸದ ನೆವವೂ ಇಲ್ಲದೆ, ನೋಡುವ ಸಂತೋಷಕ್ಕಾಗಿಯೇ ಹೊರಡುತ್ತಿದ್ದ ದಾರಿಗಳಲ್ಲಿ ಮದ್ದೂರು, ಮಳವಳ್ಳಿಗಳ ಮೂಲಕ ಶಿವನಸಮುದ್ರದ ಜಲಪಾತಗಳಿಗೆ ಹೋಗುವ ದಾರಿಯೂ ಒಂದು. ಪರನಾಡಿನ ಹಳ್ಳಿಗಾಡಿನಲ್ಲಿ ಕುದುರೆ ಸವಾರಿಯ ವಿಹಾರವೆಂಬ ಈ ರೂಢಿಯನ್ನು ಸವಾರರ ಕಣ್ಣಿನಿಂದಷ್ಟೇ ಕಂಡರೆ ಅದು ನೀರಿನ ಭೋರ್ಗರೆತದ ವರ್ಣನೆಯಲ್ಲಿ ಮುಗಿದುಹೋಗುತ್ತದೆ. ಸೇತುವೆ ಕಟ್ಟಿಸಿದವರು, ಹುರುಳಿ ಬೆಳೆದವರು, ಕುದುರೆಯ ಮೈ ತಿಕ್ಕಿದವರು ಇವರೆಲ್ಲರ ಕಡೆಯಿಂದ ನೋಡಿದಾಗಲೇ ಅದು ಈ ಸೀಮೆಯ ಚರಿತ್ರೆಯ ಭಾಗವಾಗುತ್ತದೆ.

ವಿಹಾರದ ಕುದುರೆಗೂ ಮೊದಲು ಈ ನೆಲವನ್ನು ತುಳಿದದ್ದು ಯುದ್ಧದ ಕುದುರೆ. ಹೈದರಾಲಿಯು ಮಗ ಟಿಪ್ಪುವಿಗೆ ಜಹಗೀರಾಗಿ, ಅಂದರೆ ಕಂದಾಯದ ಆದಾಯವನ್ನು ಅನುಭವಿಸುವ ಹಕ್ಕಿನೊಡನೆ ಕೊಟ್ಟಿದ್ದ ಮಳವಳ್ಳಿಯ ಬಳಿ 1799ರ ಮಾರ್ಚ್ 27ರಂದು ಟಿಪ್ಪುವಿನ ಸೈನ್ಯಕ್ಕೂ ಇಂಗ್ಲಿಷ್ ಜನರಲ್ ಹ್ಯಾರಿಸ್‌ನ ಸೈನ್ಯಕ್ಕೂ ಕದನ ನಡೆಯಿತು; ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೂ ಸಂಸ್ಥಾನದಲ್ಲಿ ಕುದುರೆಯ ದಂಡು ಅಳಿಯಲಿಲ್ಲ. ಇಂಗ್ಲಿಷರೊಡನೆ ಆದ 1807ರ ಪೂರಕ ಒಪ್ಪಂದದಂತೆ ಮೈಸೂರು ನಾಲ್ಕು ಸಾವಿರ ಸವಾರರನ್ನು ಸಾಕಬೇಕಾಗಿತ್ತು. ಹೀಗೆ ಉಳಿದುಬಂದವರೇ ಸಿಲ್ಲೇದಾರರು, ಎಂದರೆ ಸಂಬಳಕ್ಕೆ ಸೇರುವಾಗ ಕುದುರೆಯನ್ನೂ ಆಯುಧವನ್ನೂ ತಾವೇ ತರುತ್ತಿದ್ದ ಸವಾರರು.

ಕೃಷಿ, ಕಸುಬು, ವ್ಯಾಪಾರಗಳ ಸಮೀಕ್ಷೆಗೆಂದು ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ 1800ರಲ್ಲಿ ಈ ಕಡೆ ಬಂದ ಫ್ರಾನ್ಸಿಸ್ ಬುಕಾನನ್, ಕಾವೇರಿ ಎರಡಾಗಿ ಕವಲೊಡೆದು ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುವ ತಾಣವನ್ನು ಕಂಡು ಬೆರಗಾದನು. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥ ಮುಂದೆ ಬಂದವರಿಗೆ ದಾರಿಯ ಪರಿಚಯ ಮಾಡಿಕೊಟ್ಟಿತು. ಆದರೆ ಎರಡು ಜಲಪಾತಗಳ ನಡುವಿನ ನಡುಗಡ್ಡೆ, ರಂಗನಾಥ ಮತ್ತು ಸೋಮೇಶ್ವರ ದೇವಾಲಯಗಳಿದ್ದ ಹಳೆಯ ಪಟ್ಟಣದ ನೆಲೆ, ಆ ಹೊತ್ತಿಗೆ ಕಾಡು ಬೆಳೆದು ಪಾಳುಬಿದ್ದಿತ್ತು.

ಅದನ್ನು ಮತ್ತೆ ಜನಸಂಚಾರಕ್ಕೆ ತೆರೆದವರು ಮೈಸೂರಿನ ರೆಸಿಡೆಂಟರ, ಅಂದರೆ ಆಸ್ಥಾನದಲ್ಲಿದ್ದ ಬ್ರಿಟಿಷ್ ಪ್ರತಿನಿಧಿಯ, ಬಳಿ ಸೇವೆಯಲ್ಲಿದ್ದ ರಾಮಸ್ವಾಮಿ ಮೊದಲಿಯಾರರು. 1830ರ ದಶಕದ ಮೊದಲ ವರ್ಷಗಳ ಹೊತ್ತಿಗೆ ಅವರು ನದಿಗೆ ಸೇತುವೆಗಳನ್ನು ಕಟ್ಟಿಸಿ, ದೇವಾಲಯಗಳನ್ನು ದುರಸ್ತಿ ಮಾಡಿಸಿ, ಯುರೋಪಿಯನ್ ಪ್ರವಾಸಿಗಳು ತಂಗಲು ಒಂದು ಬಂಗಲೆಯನ್ನೂ ಎಬ್ಬಿಸಿದರು. ಸರ್ಕಾರ ಅವರಿಗೆ 'ಜನೋಪಕಾರ ಕಾಮಕರ್ತ' ಎಂಬ ಬಿರುದನ್ನೂ ಜಹಗೀರನ್ನೂ ಕೊಟ್ಟಿತು. ಸೇತುವೆಗಳಿಗೆ ಬಿದ್ದದ್ದು ಮಾತ್ರ ವೆಲ್ಲೆಸ್ಲಿ ಮತ್ತು ಮದರಾಸಿನ ಗವರ್ನರ್ ಲಷಿಂಗ್ಟನ್ನರ ಹೆಸರುಗಳು, ಕಟ್ಟಿಸಿದವರ ಹೆಸರಲ್ಲ, ಇದು ನ್ಯಾಯವಾದುದಲ್ಲ. ನದಿಯ ಹಾಸುಬಂಡೆಯಲ್ಲಿ ಸಾಲಾಗಿ ಒರಟು ಕಲ್ಲುಕಂಬಗಳನ್ನು ನಿಲ್ಲಿಸಿ, ಅವುಗಳ ತಲೆಯ ಮೇಲೆ ಕಲ್ಲಿನ ತೊಲೆಗಳನ್ನು ಇಟ್ಟು, ತೊಲೆಗಳ ಮೇಲೆ ಚಪ್ಪಡಿ ಹಾಸುವ ಕ್ರಮ ದೇವಾಲಯದ ಮಂಟಪ ಕಟ್ಟುವ ಕಲ್ಲುಕುಟಿಗರ ಕ್ರಮವೇ. ಸತ್ತೇಗಾಲದ ಬಳಿಯ ಹಳೆಯ ಸೇತುವೆ ಶತಮಾನಕ್ಕೂ ಮೀರಿ ಪ್ರವಾಹಗಳನ್ನು ತಡೆದುಕೊಂಡಿತ್ತು; ಅದರ ಒಂದು ಭಾಗ ಕೊಚ್ಚಿಹೋದದ್ದು 2018ರ ಪ್ರವಾಹದಲ್ಲಿ.

ಮದ್ದೂರಿನಿಂದ ಮಳವಳ್ಳಿಗೆ ಸುಮಾರು 25 ಕಿಲೋಮೀಟರು, ಅಲ್ಲಿಂದ ಜಲಪಾತಕ್ಕೆ ಹೆಚ್ಚುಕಡಿಮೆ ಅಷ್ಟೇ. ಬಿಸಿಲೇರುವ ಮುನ್ನ ಒಂದು ಮಜಲು ಮುಗಿಸುವ ಸವಾರನಿಗೆ ಇದು ಹದವಾದ ದೂರ. ಆದರೆ ಜಲಪಾತ ತುಂಬಿ ಹರಿಯುವ ಮಳೆಗಾಲದಲ್ಲೇ ದಾರಿಯ ಹೊಳೆ ಹಳ್ಳಗಳೂ ತುಂಬುತ್ತಿದ್ದವು. ಮದ್ದೂರಿನಲ್ಲಿ ಶಿಂಷಾ ನದಿಗೆ ಇಟ್ಟಿಗೆಯ ಕಮಾನು ಸೇತುವೆ ಆದದ್ದು ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್ ಆಗಿದ್ದ ಕಾಲದಲ್ಲಿ, 1850ರ ವೇಳೆಗೆ. ಆ ಸವಾರರು ಕಂಡ ಮಂಡ್ಯ ಸೀಮೆ ಇಂದಿನ ಕಬ್ಬಿನ ಹಸಿರಿನದಲ್ಲ. ಕೃಷ್ಣರಾಜಸಾಗರದ ನಾಲೆಗಳು ಬರಲು ಇನ್ನೂ ಬಹುಕಾಲವಿದ್ದುದರಿಂದ ಕೆರೆಗಳ ಮತ್ತು ಹಳೆಯ ಕಾಲುವೆಗಳ ಕೆಳಗಣ ಗದ್ದೆಗಳನ್ನು ಬಿಟ್ಟರೆ ಕಣ್ಣಿಗೆ ಬೀಳುತ್ತಿದ್ದುದು ರಾಗಿ, ಹುರುಳಿಗಳ ಬೆದ್ದಲು, ಅಂದರೆ ಮಳೆಯನ್ನೇ ನಂಬಿದ ಹೊಲ. ಸವಾರಿಯನ್ನು ಸಾಧ್ಯಗೊಳಿಸಿದ್ದೂ ಆ ಬೆದ್ದಲೇ, ಏಕೆಂದರೆ ದಕ್ಷಿಣದಲ್ಲಿ ಕುದುರೆಯ ಮುಖ್ಯ ಆಹಾರ ಹುರುಳಿ. ಅದನ್ನು ಬೇಯಿಸಿ, ಆರಿಸಿ ಕುದುರೆಗೆ ತಿನ್ನಿಸುವುದು, ಬೆವರೊಣಗಿದ ಮೈಯನ್ನು ಅಂಗೈಯಿಂದ ತಿಕ್ಕುವುದು, ಲಾಳ ಸಡಿಲಾಯಿತೇ ಎಂದು ಗೊರಸನ್ನೆತ್ತಿ ನೋಡುವುದು ಇವೆಲ್ಲ ಕಾಸದಾರನ, ಎಂದರೆ ಕುದುರೆಯ ಆರೈಕೆಗಾಗಿ ನೇಮಿಸಿಕೊಂಡ ಆಳಿನ, ಕೆಲಸ. ದೊರೆ ಕುದುರೆಯ ಮೇಲೆ ಬಂದ ಹಾದಿಯನ್ನು ಅವನು ಸಾಮಾನ್ಯವಾಗಿ ಕಾಲ್ನಡಿಗೆಯಲ್ಲೇ ಕ್ರಮಿಸಿ, ದೊರೆ ಬಂಗಲೆಯಲ್ಲಿ ವಿಶ್ರಮಿಸುವಾಗ ತನ್ನ ದುಡಿಮೆಯನ್ನು ಆರಂಭಿಸುತ್ತಿದ್ದನು. ಜಲಪಾತದ ವರ್ಣನೆಗಳಲ್ಲಿ ಅವನಿಗೆ ಸಿಕ್ಕ ಜಾಗ ತೀರ ಕಡಿಮೆ.

1881–82ರಲ್ಲಿ ಬೆಂಗಳೂರು ಮೈಸೂರು ರೈಲುಮಾರ್ಗ ತೆರೆದ ಮೇಲೆ ಬೆಂಗಳೂರಿನಿಂದ ಕುದುರೆಯೇರಿ ಬರಬೇಕಾದ ಅಗತ್ಯ ಉಳಿಯಲಿಲ್ಲ. ಪ್ರವಾಸಿಗಳು ಮದ್ದೂರಿನಲ್ಲಿ ಇಳಿದು ಉಳಿದ ದಾರಿಗಷ್ಟೇ ಗಾಡಿಯನ್ನೋ ಕುದುರೆಯನ್ನೋ ಹಿಡಿಯತೊಡಗಿದರು. ದಿವಾನ್ ಶೇಷಾದ್ರಿ ಅಯ್ಯರರ ಕಾಲದಲ್ಲಿ ಆರಂಭವಾದ ಶಿವನಸಮುದ್ರದ ವಿದ್ಯುತ್ ಯೋಜನೆಗೆ ಬೇಕಾದ ಭಾರಿ ಯಂತ್ರಭಾಗಗಳನ್ನು ಅಲ್ಲಿಗೆ ಎಳೆದು ಸಾಗಿಸಿದ್ದು ಎತ್ತು, ಆನೆ, ಕುದುರೆಗಳೇ. 1902ರ ಜೂನ್ 30ರಂದು ಅಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು.