ಮೂಗಿಗೆ ನಿಂಬೆರಸ ಬಿಟ್ಟರೆ ಆಕ್ಸಿಜನ್ ಏರುತ್ತದೆಯೇ? ಉಸಿರಾಟದ ಫಾರ್ವರ್ಡ್‌ಗಳನ್ನು ನೀವೇ ಪರೀಕ್ಷಿಸಿ

2021ರ ಏಪ್ರಿಲ್ ಕೊನೆಯ ದಿನಗಳು. ಕೋವಿಡ್‌ನ ಎರಡನೇ ಅಲೆಯಲ್ಲಿ ಆಕ್ಸಿಜನ್ ಹಾಸಿಗೆ ಸಿಗುವುದೇ ಕಷ್ಟವಾಗಿತ್ತು. ಆಗ ಉತ್ತರ ಕರ್ನಾಟಕದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಲಹೆ ಹರಿದಾಡಿತು: ಮೂಗಿಗೆ ಎರಡು ಹನಿ ನಿಂಬೆರಸ ಬಿಟ್ಟುಕೊಂಡರೆ ದೇಹದ ಆಕ್ಸಿಜನ್ ಏರುತ್ತದೆ. ಹೆಸರಾಂತ ಉದ್ಯಮಿಯೊಬ್ಬರೇ ಹೇಳಿದ್ದರಿಂದ ಹಲವರು ನಂಬಿದರು. ಸಿಂಧನೂರಿನಲ್ಲಿ ಹೀಗೆ ಮಾಡಿಕೊಂಡ ಶಿಕ್ಷಕರೊಬ್ಬರು ತೀರಿಕೊಂಡರೆಂದು ಪತ್ರಿಕೆಗಳು ವರದಿ ಮಾಡಿದವು.

ಕೋವಿಡ್ ಅಬ್ಬರ ಮುಗಿಯಿತು. ಆದರೆ ಇಂಥ ಸಂದೇಶಗಳು ನೆಗಡಿ, ಕೆಮ್ಮಿನ ಕಾಲ ಬಂದಾಗ ಮತ್ತೆ ಬರುತ್ತವೆ. ಪ್ರತಿಯೊಂದಕ್ಕೂ ವೈದ್ಯರನ್ನು ಕೇಳಲು ಆಗುವುದಿಲ್ಲ. ಹಾಗಾಗಿ ನಾವು ಒಂದು ಸುಲಭ ಪರೀಕ್ಷೆ ಹೇಳುತ್ತೇವೆ. ಅದಕ್ಕೆ ಮೊದಲು ಉಸಿರಿನ ದಾರಿ ಗೊತ್ತಿರಬೇಕು.

ಗಾಳಿ ಹೋಗುವ ದಾರಿ

ಕಮ್ಮಾರರ ತಿದಿಯನ್ನು ನೋಡಿದ್ದೀರಾ? ತಿದಿ ಹಿಗ್ಗಿದಾಗ ಗಾಳಿ ಒಳಗೆ ಬರುತ್ತದೆ, ಕುಗ್ಗಿದಾಗ ಹೊರಗೆ ಹೋಗುತ್ತದೆ. ನಮ್ಮ ಎದೆಯೂ ಹಾಗೆಯೇ. ಶ್ವಾಸಕೋಶಕ್ಕೆ ತಾನಾಗಿ ಹಿಗ್ಗುವ ಶಕ್ತಿ ಇಲ್ಲ. ಎದೆ ಮತ್ತು ಹೊಟ್ಟೆಯ ನಡುವೆ ಇರುವ ವಪೆ ಎಂಬ ಸ್ನಾಯು ಕೆಳಗಿಳಿದಾಗ, ಪಕ್ಕೆಲುಬುಗಳು ಮೇಲೇರಿದಾಗ ಎದೆಗೂಡು ಹಿಗ್ಗಿ ಗಾಳಿ ಒಳನುಗ್ಗುತ್ತದೆ.

ಮೂಗು ಆ ಗಾಳಿಯನ್ನು ಬೆಚ್ಚಗೆ ಮಾಡಿ, ತೇವಗೊಳಿಸಿ, ದಪ್ಪ ಧೂಳನ್ನು ಸೋಸುತ್ತದೆ. ಅಲ್ಲಿಂದ ಗಾಳಿ ಶ್ವಾಸನಾಳಕ್ಕೆ, ಅದರ ಎರಡು ಕವಲುಗಳಿಗೆ, ಮತ್ತೆ ಮತ್ತೆ ಕವಲೊಡೆಯುವ ಸಣ್ಣ ನಾಳಗಳಿಗೆ ಹೋಗಿ, ಕೊನೆಗೆ ಗಾಳಿಗೂಡುಗಳನ್ನು ತಲುಪುತ್ತದೆ. ಇಂಥ ಪುಟ್ಟ ಗೂಡುಗಳು ಎರಡೂ ಶ್ವಾಸಕೋಶ ಸೇರಿ 30 ಕೋಟಿಗೂ ಹೆಚ್ಚು ಇವೆ. ಎಲ್ಲವನ್ನೂ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್ ಆಗುತ್ತದೆ. ಆಕ್ಸಿಜನ್ ರಕ್ತಕ್ಕೆ ಸೇರುವುದು, ಕಾರ್ಬನ್ ಡೈಆಕ್ಸೈಡ್ ಹೊರಬರುವುದು ಇಲ್ಲಿಯೇ. ಮೂಗಿನಲ್ಲೂ ಅಲ್ಲ, ಗಂಟಲಲ್ಲೂ ಅಲ್ಲ.

ಆದ್ದರಿಂದ ಯಾವುದೇ ಸಂದೇಶ ಬಂದಾಗ ಒಂದೇ ಪ್ರಶ್ನೆ ಕೇಳಿ: ಇದು ಗಾಳಿಗೂಡಿನವರೆಗೆ ತಲುಪಿ ಅಲ್ಲಿ ಏನು ಮಾಡುತ್ತದೆ?

ಈಗ ನಾಲ್ಕು ಸಂದೇಶ ನೋಡೋಣ

1. ಮೂಗಿಗೆ ನಿಂಬೆರಸ. ಸುಳ್ಳು. ರಸ ಮೂಗು, ಗಂಟಲಿಗೆ ತಾಗುತ್ತದೆ, ಅಲ್ಲಿ ಆಕ್ಸಿಜನ್ ರಕ್ತಕ್ಕೆ ಸೇರುವುದಿಲ್ಲ. ಹುಳಿಯಿಂದ ಮೂಗಿನ ಒಳಪದರ ಉರಿಯುತ್ತದೆ. ಜೋರಾಗಿ ಸೀನು ಬಂದು ಮೂಗು ಬಿಟ್ಟಂತೆ ಅನ್ನಿಸಬಹುದು, ಅಷ್ಟೇ. ರಸ ತಪ್ಪಿ ಶ್ವಾಸನಾಳಕ್ಕೆ ಇಳಿದರೆ ಅಪಾಯ.

2. ಕರ್ಪೂರ, ಅಜವಾನ, ಲವಂಗದ ಗಂಟು. ಆಕ್ಸಿಜನ್ ಏರುತ್ತದೆ ಎನ್ನುವುದು ಸುಳ್ಳು. ಕರ್ಪೂರದ ವಾಸನೆ ಮೂಗಿನ ನರಗಳಿಗೆ ತಂಪಿನ ಅನುಭವ ಕೊಡುತ್ತದೆ. ಹೆಚ್ಚು ಗಾಳಿ ಬಂದಂತೆ ಅನ್ನಿಸುತ್ತದೆ, ನಿಜವಾಗಿ ಬಂದಿರುವುದಿಲ್ಲ. ಕರ್ಪೂರವನ್ನು ಮಕ್ಕಳು ನುಂಗಿದರೆ ಫಿಟ್ಸ್ ಬರಬಹುದು, ಅವರ ಕೈಗೆ ಸಿಗದಂತೆ ಇಡಿ.

3. ಹತ್ತು ಸೆಕೆಂಡ್ ಉಸಿರು ಹಿಡಿದರೆ ಶ್ವಾಸಕೋಶ ಚೆನ್ನಾಗಿದೆ. ಸುಳ್ಳು. ಉಸಿರು ಹಿಡಿದಾಗ ಚಡಪಡಿಕೆ ಆಗುವುದು ಮುಖ್ಯವಾಗಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚುವುದರಿಂದ. ಮೆದುಳು ಅದನ್ನು ಗುರುತಿಸಿ ಉಸಿರಾಡು ಎನ್ನುತ್ತದೆ. ಸೋಂಕು ಇದ್ದವರೂ ಹತ್ತು ಸೆಕೆಂಡ್ ಹಿಡಿಯಬಲ್ಲರು, ಸೋಂಕು ಇಲ್ಲದ ವಯಸ್ಸಾದವರಿಗೆ ಆಗದೆಯೂ ಇರಬಹುದು. ಕೋವಿಡ್ ಸಮಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಇದನ್ನು ತಳ್ಳಿಹಾಕಿತ್ತು.

4. ಕಪ್ಪತಗುಡ್ಡದ ಗಾಳಿಯಲ್ಲಿ ಆಕ್ಸಿಜನ್ ಹೆಚ್ಚು. ಅರ್ಧ ಸತ್ಯ. ಗದಗ, ಶಿರಹಟ್ಟಿ, ಮುಂಡರಗಿ ಭಾಗಗಳಿಗೆ ಹಬ್ಬಿರುವ ಕಪ್ಪತಗುಡ್ಡ ಔಷಧಿ ಸಸ್ಯಗಳಿಗೆ ಹೆಸರಾದದ್ದು, 2019ರಲ್ಲಿ ವನ್ಯಜೀವಿ ಧಾಮವೂ ಆಯಿತು. ಅಲ್ಲಿ ಉಸಿರಾಡಿದರೆ ಹಾಯೆನಿಸುವುದು ನಿಜ. ಆದರೆ ಗಾಳಿಯಲ್ಲಿ ಆಕ್ಸಿಜನ್ ಪ್ರಮಾಣ ಗುಡ್ಡದಲ್ಲೂ ಗದಗ ಬಸ್ ನಿಲ್ದಾಣದಲ್ಲೂ ಸುಮಾರು ಶೇ. 21. ವ್ಯತ್ಯಾಸ ಇರುವುದು ಧೂಳು ಮತ್ತು ಹೊಗೆಯಲ್ಲಿ.

ಗದಗದ ಗಾಳಿ ದೇಶದಲ್ಲೇ ಶುದ್ಧ ಎಂಬ ಪೋಸ್ಟ್‌ಗಳನ್ನೂ ನೀವು ನೋಡಿರಬಹುದು. ಅವುಗಳಲ್ಲಿ ಕಾಣುವ ಎಕ್ಯೂಐ ಎಂಬ ಸಂಖ್ಯೆ ಆಕ್ಸಿಜನ್ ಅಳತೆಯಲ್ಲ. ಅದು ಸೂಕ್ಷ್ಮ ಧೂಳು ಮತ್ತು ಕೆಲವು ವಿಷಾನಿಲಗಳ ಅಳತೆ, ದಿನದಿನಕ್ಕೂ ಬದಲಾಗುತ್ತದೆ.

ಊರಿನ ಗಾಳಿ ಶುದ್ಧ, ಅಡುಗೆಮನೆಯ ಗಾಳಿ?

ಎಕ್ಯೂಐ ಯಂತ್ರ ನಿಮ್ಮ ಮನೆಯೊಳಗಿನ ಗಾಳಿಯನ್ನು ಅಳೆಯುವುದಿಲ್ಲ. ಕಿಟಕಿ ಇಲ್ಲದ ಕೋಣೆಯಲ್ಲಿ ಕಟ್ಟಿಗೆ ಒಲೆ ಉರಿಸಿ ರೊಟ್ಟಿ ಬಡಿಯುವ ತಾಯಿ ಉಸಿರಾಡುವುದು ಕಪ್ಪತಗುಡ್ಡದ ಗಾಳಿಯನ್ನಲ್ಲ. ಹೊಗೆಯ ಅತಿ ಸಣ್ಣ ಕಣಗಳನ್ನು ಮೂಗು ಸೋಸಲಾರದು, ಅವು ನೇರ ಗಾಳಿಗೂಡಿಗೆ ಇಳಿಯುತ್ತವೆ. ವರ್ಷಗಟ್ಟಲೆ ಹೀಗಾದರೆ ಬೀಡಿ ಸೇದದವರಿಗೂ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಬರುತ್ತದೆ. ಮನೆಯಲ್ಲಿ ಅದನ್ನು "ವಯಸ್ಸಾಯ್ತು, ದಮ್ಮು ಹತ್ತುತ್ತದೆ" ಎಂದು ಬಿಟ್ಟುಬಿಡುತ್ತೇವೆ.

ಹತ್ತಿ ಜಿನ್ನಿಂಗ್‌ನಲ್ಲಿ ದುಡಿಯುವವರಿಗೆ ಇನ್ನೊಂದು ಮಾತು. ಹತ್ತಿಯ ಧೂಳಿನಿಂದ ಬರುವ ಕಾಯಿಲೆಯಲ್ಲಿ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನ ಎದೆ ಬಿಗಿಯುತ್ತದೆ. ಹೀಗೆ ಪದೇ ಪದೇ ಆದರೆ ವೈದ್ಯರಿಗೆ ನಿಮ್ಮ ಕೆಲಸ ಏನೆಂದು ತಪ್ಪದೆ ಹೇಳಿ. ರಾಶಿ ಮಾಡುವಾಗ ಮುಖಕ್ಕೆ ಕಟ್ಟುವ ಟವೆಲ್ ದಪ್ಪ ಧೂಳನ್ನು ತಡೆದೀತು, ಸಣ್ಣ ಧೂಳಿಗೆ ಎನ್-95 ಮಾಸ್ಕ್ ಬೇಕು.

ಯಾವಾಗ ಕಾಯಬಾರದು?

ಮಗು ಅಳದೆ ಸುಮ್ಮನಿರುವಾಗ ಹೊಟ್ಟೆ ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಈ ಸಂಖ್ಯೆ ಮುಟ್ಟಿದರೆ ಅದು ವೇಗದ ಉಸಿರು:

- 2 ತಿಂಗಳೊಳಗಿನ ಕೂಸು: 60 ಅಥವಾ ಹೆಚ್ಚು
- 2ರಿಂದ 12 ತಿಂಗಳು: 50 ಅಥವಾ ಹೆಚ್ಚು
- 1ರಿಂದ 5 ವರ್ಷ: 40 ಅಥವಾ ಹೆಚ್ಚು

ಕೆಮ್ಮಿನ ಜೊತೆ ವೇಗದ ಉಸಿರಿದ್ದರೆ ನ್ಯುಮೋನಿಯಾ ಇರಬಹುದು, ಅದೇ ದಿನ ತೋರಿಸಿ. ಉಸಿರೆಳೆದಾಗ ಪಕ್ಕೆ ಒಳಗೆ ಸೆಳೆಯುತ್ತಿದ್ದರೆ ತಕ್ಷಣ ಆಸ್ಪತ್ರೆಗೆ ಹೊರಡಿ.

ದೊಡ್ಡವರು ಆರಾಮವಾಗಿ ಕುಳಿತಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಆಕ್ಸಿಮೀಟರ್‌ನಲ್ಲಿ ಸಾಮಾನ್ಯವಾಗಿ 95ರಿಂದ 100 ಬರುತ್ತದೆ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಹಚ್ಚಿದ್ದರೆ ತಪ್ಪು ತೋರಿಸಬಹುದು, ಮತ್ತೊಮ್ಮೆ ನೋಡಿ. 94ಕ್ಕಿಂತ ಕೆಳಗಿದ್ದರೆ ವೈದ್ಯರನ್ನು ಕಾಣಿ. 90ಕ್ಕಿಂತ ಕೆಳಗಿದ್ದರೆ, ತುಟಿ ನೀಲಿಗಟ್ಟಿದರೆ, ಒಂದು ವಾಕ್ಯ ಪೂರ್ತಿ ಆಡಲು ಆಗದಿದ್ದರೆ 108ಕ್ಕೆ ಕರೆ ಮಾಡಿ.

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಹಳ್ಳಿಗಳಿಂದ ಗದಗದ ಜಿಮ್ಸ್ ಆಸ್ಪತ್ರೆ ತಲುಪಲು ಹೇಗಿದ್ದರೂ ಹೊತ್ತು ಹಿಡಿಯುತ್ತದೆ. ಮನೆಯಲ್ಲಿ ನಿಂಬೆರಸ, ಕರ್ಪೂರ ಪ್ರಯೋಗಿಸುತ್ತ ಇನ್ನೊಂದು ಗಂಟೆ ಕಳೆದರೆ ಆ ಗಂಟೆ ಮರಳಿ ಸಿಗುವುದಿಲ್ಲ. ಫಾರ್ವರ್ಡ್‌ನಿಂದ ಆಗುವ ದೊಡ್ಡ ಹಾನಿ ಇದೇ.

ನಮ್ಮ ತೀರ್ಮಾನ: ಆಕ್ಸಿಜನ್ ರಕ್ತಕ್ಕೆ ಸೇರುವ ಜಾಗ ಗಾಳಿಗೂಡು. ಮೂಗು, ಗಂಟಲಿಗೆ ಮಾತ್ರ ತಾಗುವ ಇಂಥ ಮನೆಮದ್ದು ಆಕ್ಸಿಜನ್ ಏರಿಸಲಾರದು. ಮುಂದಿನ ಸಲ ಮನೆಯ ಗುಂಪಿನಲ್ಲಿ ಇಂಥ ಸಂದೇಶ ಬಂದರೆ ಕಳಿಸಿದ ಕಾಕಾನೊಡನೆ ಜಗಳ ಬೇಡ. ಮೇಲಿನ ಪ್ರಶ್ನೆಯನ್ನು ಕೇಳಿ, ಜೊತೆಗೆ ಮಕ್ಕಳ ಉಸಿರಿನ ಲೆಕ್ಕವನ್ನು ಕಳಿಸಿ.