ಬಿಸಿನೆಸ್ ಆಟ ಮಾಡಿದ್ದು ಯಾರು?

ಕಳೆದ ಮಳೆಗಾಲದ ಒಂದು ಭಾನುವಾರ, ಡೊಂಬಿವಲಿಯ ನಮ್ಮ ಮನೆಯಲ್ಲಿ ತಂಗಿಯ ಮಗಳ ಜೊತೆ ಬಿಸಿನೆಸ್ ಆಡಲು ಕೂತಿದ್ದೆ. ಬ್ಯಾಂಕಿನವನು ಅಂತ ಆಟದಲ್ಲೂ ನನಗೆ ಬ್ಯಾಂಕೇ ಗಂಟುಬಿತ್ತು! ಮುಂಬಯಿ, ದೆಹಲಿ ಎರಡನ್ನೂ ಕೊಂಡ ಹುಡುಗಿ ಅರ್ಧ ಗಂಟೆಯಲ್ಲಿ ಎಲ್ಲರನ್ನೂ ದಿವಾಳಿ ಮಾಡಿದಳು. ಆಮೇಲೆ ಕೇಳಿದಳು, "ಮಾಮ, ಈ ಆಟ ಯಾರು ಮಾಡಿದ್ದು?"

ಇದು ಮೊನಾಪಲಿಯ ತಮ್ಮ, ಅದನ್ನು ಮಾಡಿದ್ದು ಚಾರ್ಲ್ಸ್ ಡ್ಯಾರೋ ಎಂಬ ಅಮೆರಿಕದ ನಿರುದ್ಯೋಗಿ ಅಂದುಬಿಟ್ಟೆ. ರಾತ್ರಿ ಓದಿ ನೋಡಿದರೆ, ನಾನು ಹೇಳಿದ್ದು ತಪ್ಪು.

ಮೂಲ ಆಟ ಎಲಿಜಬೆತ್ ಮ್ಯಾಗಿ ಎಂಬ ಸ್ಟೆನೋಗ್ರಾಫರ್ ಒಬ್ಬಳದು. ಹೆಸರು 'ಲ್ಯಾಂಡ್‌ಲಾರ್ಡ್ಸ್ ಗೇಮ್'. ಪೇಟೆಂಟ್ ಸಿಕ್ಕಿದ್ದು 1904ರಲ್ಲಿ. ಆಕೆ ಹೆನ್ರಿ ಜಾರ್ಜ್‌ನ ಅನುಯಾಯಿ. ಊರು ಬೆಳೆದಂತೆ ನೆಲದ ಬೆಲೆ ಏರುತ್ತದೆ. ಏರಿಸುವುದು ದುಡಿಯುವ ಜನ, ರಸ್ತೆ, ರೈಲು. ಲಾಭ ಮಾತ್ರ ಮಾಲೀಕನಿಗೆ. ಆದ್ದರಿಂದ ತೆರಿಗೆ ನೆಲದ ಬೆಲೆಯ ಮೇಲಿರಲಿ ಎಂಬುದು ಜಾರ್ಜ್‌ನ ವಾದ. ಮುಂಬಯಿಯಲ್ಲಿ ಬಾಡಿಗೆ ಕಟ್ಟಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ಲವೇ? ಬಾಡಿಗೆ, ರೈಲು, ಜೈಲು ಎಲ್ಲವೂ ಆಕೆಯ ಹಲಗೆಯಲ್ಲೇ ಇದ್ದವು. ಪಾಠ ಕಲಿಸಲೆಂದೇ ಮಾಡಿದ ಆಟ ಅದು.

ಮುಂದಿನ ಮೂವತ್ತು ವರ್ಷ ಅದನ್ನು ಬೆಳೆಸಿದ್ದು ಒಂದು ತಂಡವೇ. ಆದರೆ ತಂಡದವರು ಒಬ್ಬರನ್ನೊಬ್ಬರು ಕಂಡೇ ಇರಲಿಲ್ಲ! ಡೆಲವೇರ್‌ನ ಆರ್ಡನ್ ಎಂಬ ಪುಟ್ಟ ಊರಿನವರು ಆಡಿದರು. ವಾರ್ಟನ್‌ನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಸ್ಕಾಟ್ ನಿಯರಿಂಗ್ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟರು. ಅಂಗಡಿಯಲ್ಲಿ ಕೊಳ್ಳುವ ಬದಲು ಜನ ಕೈಯಾರೆ ಹಲಗೆ ಬರೆದುಕೊಂಡರು, ಬರೆದವರೆಲ್ಲ ಸ್ವಲ್ಪ ತಿದ್ದಿದರು. 1930ರ ಹೊತ್ತಿಗೆ ಅಟ್ಲಾಂಟಿಕ್ ಸಿಟಿಯ ಕ್ವೇಕರ್ ಪಂಥದವರು ತಮ್ಮೂರಿನ ಬೀದಿಗಳ ಹೆಸರು ಹಾಕಿದರು.

ಡ್ಯಾರೋಗೆ ಆಟ ಕಲಿಸಿದ್ದು ಚಾರ್ಲ್ಸ್ ಟಾಡ್ ಎಂಬ ಪರಿಚಿತ. ಟಾಡ್ ತನ್ನ ಹಲಗೆಯಲ್ಲಿ 'ಮಾರ್ವೆನ್ ಗಾರ್ಡನ್ಸ್' ಎಂಬುದನ್ನು 'ಮಾರ್ವಿನ್' ಎಂದು ತಪ್ಪಾಗಿ ಬರೆದಿದ್ದ. ಡ್ಯಾರೋನ ಹಲಗೆಯಲ್ಲೂ ಅದೇ ತಪ್ಪು! ಆಡಿಟ್ ಮಾಡಿದವರಿಗೆ ಗೊತ್ತು, ಲೆಕ್ಕ ನಕಲಾದರೆ ತಪ್ಪೂ ನಕಲಾಗುತ್ತದೆ.

1935ರಲ್ಲಿ ಪಾರ್ಕರ್ ಬ್ರದರ್ಸ್ ಡ್ಯಾರೋನಿಂದ ಆಟ ಕೊಂಡಿತು. ಆತನಿಗೆ ರಾಯಲ್ಟಿ. ಅದೇ ವರ್ಷ ಮ್ಯಾಗಿಯ ಪೇಟೆಂಟಿಗೆ ಕೊಟ್ಟಿದ್ದು 500 ಡಾಲರ್, ರಾಯಲ್ಟಿ ಇಲ್ಲ. 1948ರಲ್ಲಿ ಆಕೆ ತೀರಿಕೊಂಡಳು. ನಿಜ ಹೊರಬಂದದ್ದು ರಾಲ್ಫ್ ಆನ್ಸ್‌ಪಾಕ್ ಎಂಬ ಅರ್ಥಶಾಸ್ತ್ರದ ಪ್ರೊಫೆಸರ್‌ನಿಂದ. ಅವರ 'ಆಂಟಿ-ಮೊನಾಪಲಿ' ಆಟದ ಹೆಸರಿಗೆ ಕಂಪನಿ ತಕರಾರು ತೆಗೆದಾಗ, 1974ರಿಂದ ಸುಮಾರು ಹತ್ತು ವರ್ಷ ಕೋರ್ಟಿನಲ್ಲಿ ಹೋರಾಡಿ, ಹಳೆಯ ಆಟಗಾರರನ್ನು ಹುಡುಕಿ ಸಾಕ್ಷಿ ಹೇಳಿಸಿದರು.

ನಮ್ಮಲ್ಲೂ ಇದು ಹೊಸದಲ್ಲ. ಮಾರ್ಚ್ 31ರ ರಾತ್ರಿ ಕೂತು ಲೆಕ್ಕ ಮುಗಿಸುವುದು ಇಡೀ ಬ್ರಾಂಚು, ಶಾಲು ಹೊದೆಸುವುದು ಒಬ್ಬರಿಗೆ. ಆದರೆ ಹಣ, ಹೆಸರಿಗಿಂತ ದೊಡ್ಡ ನಷ್ಟ ಬೇರೆ ಇದೆ. ಮ್ಯಾಗಿ ಎರಡು ಬಗೆಯ ನಿಯಮ ಕೊಟ್ಟಿದ್ದಳು. ಒಂದರಲ್ಲಿ ಎಲ್ಲವನ್ನೂ ನುಂಗಿದವನೇ ಗೆದ್ದವ. ಇನ್ನೊಂದರಲ್ಲಿ, ಎಲ್ಲರಿಗಿಂತ ಕಡಿಮೆ ಹಣದಿಂದ ಆಟ ಶುರುಮಾಡಿದವನ ಹಣ ಇಮ್ಮಡಿಯಾದರೆ ಎಲ್ಲರೂ ಗೆದ್ದಂತೆ. ಡಬ್ಬಿಯಲ್ಲಿ ನಮ್ಮ ಮನೆಗೆ ಬಂದದ್ದು ಮೊದಲನೆಯದು ಮಾತ್ರ.

ಮರುದಿನ ಹುಡುಗಿಗೆ ಎಲ್ಲ ಹೇಳಿ ನನ್ನ ತಪ್ಪು ಒಪ್ಪಿಕೊಂಡೆ. ಸ್ವಲ್ಪ ಯೋಚಿಸಿ, "ಮುಂದಿನ ಭಾನುವಾರ ಎರಡನೇದು ಆಡೋಣ ಮಾಮ, ಆದರೆ ಮುಂಬಯಿ ನನಗೇ" ಅಂದಳು!